ಜಲಜಕ್ಕನ ಹಾಜರಿ

ಎಲ್ಲರ ದನಿಯನ್ನೂ ಕದಿಯಬಲ್ಲೆನೆಂಬ ಕೊಬ್ಬಿನಲ್ಲಿ ನಾನು ಒಂದು ಬೆಳಿಗ್ಗೆ ಜಲಜಕ್ಕನ ಸರದಿಯನ್ನೇ ಕದಿಯಲು ಹೋದೆ. ಮೊದಲೇ ಹೇಳಿಬಿಡುತ್ತೇನೆ, ಬೈಯುವವರಿಗೆ ಅನುಕೂಲವಾಗಲಿ.

ಹೊಂಗಡಹಳ್ಳದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಅಂಗವಿಕಲರ ಬೇಸಿಗೆ ಶಿಬಿರ. ನಾನು ಸ್ವಯಂಸೇವಕ. ಅಂದರೆ ಗಾಲಿಕುರ್ಚಿ ತಳ್ಳುವುದಕ್ಕಿಂತ ಅಡುಗೆಭಟ್ಟರ ಸೀನು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಗೊಗ್ಗರು ಗಂಟಲು ಅನುಕರಿಸುವುದರಲ್ಲೇ ಹೆಚ್ಚು ಬೆವರಿದವನು. ನನ್ನ ಸ್ವಂತ ದನಿ ಎಣ್ಣೆ ಕಾಣದ ಗೇಟಿನಂತಿದೆ. ಅದನ್ನು ಮುಚ್ಚಿಕೊಳ್ಳಲೆಂದೇ ಈ ಕಸುಬು ಎಂಬುದು ಅಮ್ಮನ ತೀರ್ಪು.

ಜಲಜಕ್ಕ ಆಲೂರು ಕಡೆಯವರು. ಹುಟ್ಟಿನಿಂದಲೇ ಕೈಕಾಲು ಬಿಗಿ, ನಾಲಿಗೆಯೂ ಬಿಗಿ. ಒಂದು ಮಾತು ಹೊರಡಬೇಕಾದರೆ ಕತ್ತು ಒಮ್ಮೆ ಪೂರ್ತಿ ತಿರುಗಬೇಕು. ನಡುವೆ ಯಾರಾದರೂ ಮಾತು ಎತ್ತಿಕೊಟ್ಟರೆ ತೋರುಬೆರಳು ಮೇಲೇಳುತ್ತಿತ್ತು: "ತಡ್ಕಳಿ, ಮಾತು ದಾರೀಲೈತೆ." ನನಗೆ ಮಾತ್ರ ಬೇರೆ ಸರ್ಟಿಫಿಕೇಟು: "ನಿಂದು ಬ್ರೇಕಿಲ್ದ ಜೀಪು ಕಣೋ."

ಎಸ್ಟೇಟಿನ ಕೆಲಸದಾಳುಗಳಂತೆ ನಮಗೂ ದಿನಾ ಬೆಳಿಗ್ಗೆ ಹಾಜರಿ. ಕಾಫಿ ಒಣಗಿಸುವ ಕಣದಲ್ಲಿ ತೂಗುಬಿಟ್ಟ ರೈಲುಕಂಬಿಯ ತುಂಡಿಗೆ ಬಡಿದು, ದಿನಕ್ಕೊಬ್ಬ ಶಿಬಿರಾರ್ಥಿ ಎಲ್ಲರ ಹೆಸರು ಕೂಗಬೇಕು. "ಓ" ಅಂದವರಿಗೆ ಕಾಫಿ. ಜಲಜಕ್ಕ ಮೊದಲ ದಿನದಿಂದಲೂ ಸರದಿ ಕೇಳುತ್ತಿದ್ದರು. ತಡವಾಗುತ್ತದೆಂದು ನಾವು "ನಾಳೆ ಅಕ್ಕ, ನಾಳೆ" ಎನ್ನುತ್ತಲೇ ಶಿಬಿರದ ಕೊನೆಯ ಬೆಳಗಿಗೆ ಬಂದು ನಿಂತೆವು. ಸಕಲೇಶಪುರಕ್ಕೆ ಹೊರಟ ಬಸ್ಸು ಗೇಟಿನಲ್ಲಿ ಗುರುಗುಡುತ್ತಿತ್ತು.

ಅಂದು ಅವರು ಯಾರನ್ನೂ ಕೇಳಲಿಲ್ಲ. ಗಾಲಿಕುರ್ಚಿಯನ್ನು ತಾವೇ ಉರುಳಿಸಿಕೊಂಡು ಬಂದು ಕಂಬಿಗೆ ಬಡಿದರು.

"ಮ... ಮ..." ಎನ್ನುವಷ್ಟರಲ್ಲಿ ನಾನು ಹಿಂದಿನಿಂದ, ಕಣ್ಣು ಕಾಣದ ಮಂಜಣ್ಣನ ದನಿಯಲ್ಲಿ "ಓ!" ಅಂದೆ. "ಸಾ..." ಅಂದರು. ಸಾವಿತ್ರಮ್ಮನ ದನಿಯಲ್ಲಿ "ಓ!" ಕಣವೆಲ್ಲ ನಕ್ಕಿತು. ಅಕ್ಕನಿಗೆ ಸಹಾಯವೂ ಆಯಿತು, ನನಗೆ ಚಪ್ಪಾಳೆಯೂ ಸಿಕ್ಕಿತು ಎಂದು ಬೀಗಿದೆ.

ಬೆರಳು ಮೇಲೆದ್ದಿತು. ನಗು ನಿಂತಿತು. ಜಲಜಕ್ಕ ಮತ್ತೆ ಕಂಬಿಗೆ ಬಡಿದು ಮೊದಲ ಹೆಸರಿನಿಂದ ಶುರುಮಾಡಿದರು.

ಡ್ರೈವರ್ ಹಾರ್ನ್ ಒತ್ತಿದ. "ಕಾಫಿ ಆರೋಗ್ತೈತೆ ಅಕ್ಕ," ಅಂದೆ.

"ಆ... ಆರ್ಲಿ. ಕಾಯಿಸ್ಕಂಡು ಕುಡಿ."

ಮಂಜಣ್ಣ ತನ್ನ ಹೆಸರು ಪೂರ್ತಿ ಬರುವವರೆಗೆ ಕಾದು, ದೂರದ ಬಿಸಿಲೆ ಘಾಟಿಗೇ ಕೇಳುವಂತೆ "ಓ" ಅಂದ. ಡ್ರೈವರ್ ಇಂಜಿನ್ ಆರಿಸಿ ಇಳಿದು ಬಂದು, ಕಣದ ಕಟ್ಟೆ ಮೇಲೆ ಕೂತ. ಒಂದೊಂದೇ ಹೆಸರು, ಅರ್ಧವಾಗದೆ, ಇಡಿಯಾಗಿ ಬಂತು.

ಎಲ್ಲರದೂ ಮುಗಿಯಿತು; ನನ್ನದು ಬರಲಿಲ್ಲ. ಖಾಲಿ ಲೋಟ ಹಿಡಿದು ಕೇಳಿದೆ: "ನಾನ್ ಗೈರಾ ಅಕ್ಕ?"

ಅವರ ಕತ್ತು ತಿರುಗತೊಡಗಿತು. ಈ ಸಲ ನಾನೂ ಬಾಯಿ ಮುಚ್ಚಿಕೊಂಡು ಕಾದೆ. ಆಮೇಲೆ ಅವರನ್ನು ನಾನು ಮತ್ತೆ ಕಂಡಿಲ್ಲ. ಅವರಿಂದ ಕೊನೆಗೆ ಕೇಳಿದ್ದು ಇಷ್ಟೇ:

"ಎಲ್ರಿಗೂ ನೀನೇ ಓ ಅಂದ್ಬುಟ್ಟೆ. ಈಗ ನಿನ್ ಹೆಸ್ರು ಕೂಗಿದ್ರೆ ಯಾರ್ ದನೀಲಿ ಓ ಅಂತೀಯೋ, ಮಾರಾಯ?"