ಒಂದು ಕೂಗಳತೆ ದೂರದ ಪೋಖರಾ

ನೇಪಾಳದ ಮುಕ್ತಿನಾಥದ ಯಾತ್ರೆ ಮುಗಿಸಿ ಬಂದ ಪಕ್ಕದ ಮನೆಯ ಸರೋಜಮ್ಮ ಬೆಳಿಗ್ಗೆ ಪ್ರಸಾದ ಕೊಟ್ಟು, "ದಾರೀಲಿ ಪೋಖರಾ ಅಂತ ಊರು ಕಣ್ರೀ, ಎಷ್ಟು ಬೆಳೆದುಬಿಟ್ಟಿದೆ ಅಂತೀರಿ! ಕೆರೆ ಸುತ್ತಾ ಬರೀ ಹೋಟ್ಲುಗಳು" ಎಂದರು. ಅವರು ಹೋದಮೇಲೆ ನಾನು ಹಳೆಯ ಪೆಟ್ಟಿಗೆ ತೆಗೆದೆ. ನುಸಿಗುಳಿಗೆಯ ವಾಸನೆಯ ನಡುವೆ ಅಪ್ಪ ಬರೆದ ನಕ್ಷೆ ಸುರುಳಿ ಸುತ್ತಿಕೊಂಡು ಮಲಗಿತ್ತು. ನಗಬೇಡಿ, ಕೋಲಾರದ ಹೊಸ ಬಡಾವಣೆಗಳಲ್ಲಿ ದಾರಿ ತಪ್ಪಿ ಆಟೋದವನಿಂದ ಬೈಸಿಕೊಳ್ಳುವ ನನಗೆ, ಎಂದೂ ಕಾಣದ ಪೋಖರಾದ ಪೇಟೆ ಕಣ್ಣು ಮುಚ್ಚಿದರೂ ಗೊತ್ತು.

ಅಪ್ಪ ಮೋಜಣಿದಾರರಾಗಿದ್ದರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹೊಲಗಳನ್ನೆಲ್ಲ ಸರಪಳಿ ಹಿಡಿದು ಅಳೆದವರು. ಮನೆಯಲ್ಲಿ ಮಾತ್ರ ಅವರ ಅಳತೆ ಕೂಗಿನದು. ಹೋಳೂರಿನ ಕೆರೆಕೋಡಿಯಿಂದ ಮಾವನ ಮನೆ ಒಂದು ಕೂಗಳತೆ, ಅಷ್ಟೆ. ನಮ್ಮ ಬಯಲುಸೀಮೆಯಲ್ಲಿ ಕೂಗು ಕೇಳುವ ಜಾಗಕ್ಕೆ ಬಾಯಲ್ಲಿನ ಎಲೆಯಡಿಕೆ ಮುಗಿಯುವಷ್ಟರಲ್ಲಿ ನಡೆದು ಸೇರಬಹುದು. ನಾನಂತೂ ಅಮ್ಮ ಊಟಕ್ಕೆ ಕೂಗಿದರೆ "ಬಂದೆ" ಎಂದು ಕೂತಲ್ಲೇ ಕೂತಿರುತ್ತಿದ್ದೆ. ಆ ಚಾಳಿ ಇವತ್ತಿಗೂ ಹೋಗಿಲ್ಲ.

ಆಗ ನಾನಿನ್ನೂ ಶಾಲೆಗೆ ಹೋಗುವ ಹುಡುಗಿ. ಎದುರಿನ ಬೆಲ್ಲದ ಮಂಡಿಗೆ ನೇಪಾಳದ ಪೋಖರಾ ಕಡೆಯ ಕಾವಲುಗಾರನೊಬ್ಬ ಇದ್ದ, ಬಹದ್ದೂರ್ ಎನ್ನುತ್ತಿದ್ದೆವು. ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಅಂತರಗಂಗೆ ಬೆಟ್ಟ ನೋಡುತ್ತಿದ್ದ. ಅಲ್ಲಿ ಮೋಡ ಕೂತರೆ, "ನಮ್ಮೂರಲ್ಲಿ ಮೋಡದ ಹಿಂದೆ ಮೀನಿನ ಬಾಲದಂಥ ಹಿಮದ ಬೆಟ್ಟ ಇರ್ತದೆ" ಎನ್ನುತ್ತಿದ್ದ. ಒಂದು ದಿನ ಅಪ್ಪನನ್ನು ಕೇಳಿಯೇಬಿಟ್ಟ.

"ಊರಿಗೆ ಹೋಗ್ಬೇಕು ಸ್ವಾಮಿ. ಪೇಟೆ ಬೆಳೆದದೆಯಂತೆ. ಅಮ್ಮನ ಮನೆ ಸಿಗದಿದ್ರೆ?"

"ಊರು ಬೆಳೆದ್ರೆ ಗುಡ್ಡ ಎಲ್ಲಿಗ್ಲಾ ಹೋಗ್ತದೆ? ಹೇಳು, ಬರ್ಕೊಡ್ತೀನಿ" ಎಂದರು ಅಪ್ಪ.

ವಾರವಿಡೀ ಅವನು ಹೇಳಿದ, ಅಪ್ಪ ಬರೆದರು, ನಾನು ಬಣ್ಣ ತುಂಬಿದೆ. ಫೇವಾ ಕೆರೆಗೆ ನಮ್ಮ ಕೋಲಾರಮ್ಮನ ಕೆರೆಯ ನೀಲಿಯನ್ನೇ ಹಚ್ಚಿದೆ. ಅಷ್ಟು ದೊಡ್ಡ ಬೇರೆ ಕೆರೆ ನಾನೆಲ್ಲಿ ಕಂಡಿದ್ದೆ? ಎರಡು ಊರೂ ನನ್ನೊಳಗೆ ಬೆರೆತುಹೋಗಿ, ಅಂತರಗಂಗೆಯ ಮೆಟ್ಟಿಲು ಹತ್ತಿದರೆ ಹಿಮ ಸಿಗುತ್ತದೆಂದೇ ಭ್ರಮೆ. ನಕ್ಷೆಯಲ್ಲಿ ಉದ್ದನೆಯ ಪೇಟೆ ಬಂತು, ದಿಬ್ಬದ ಮೇಲೆ ವಿಂಧ್ಯವಾಸಿನಿಯ ಗುಡಿ ಬಂತು. ಮನೆ ಎಲ್ಲಿ ಎಂದು ಅಪ್ಪ ಕೇಳಿದರೆ, "ಗುಡಿಯಿಂದ ಒಂದು ಕೂಗು" ಎಂದ. ತಮ್ಮ ಅಳತೆಯ ಮನುಷ್ಯ ಸಿಕ್ಕಿದನೆಂದು ಅಪ್ಪನಿಗೆ ಖುಷಿಯೋ ಖುಷಿ. ಗುಡಿಯ ಮಗ್ಗುಲಲ್ಲೇ ಮನೆ ಬರೆದರು.

ನಕ್ಷೆ ನೋಡಿದ ಬಹದ್ದೂರನ ಮುಖ ಬಾಡಿತು. "ಹೊಳೆ ಎಲ್ಲಿ ಸ್ವಾಮಿ?"

"ಯಾವ ಹೊಳೇನೋ? ಒಂದು ಕೂಗು ಅಂದ್ಯಲ್ಲ!"

"ಕೂಗು ದಾಟ್ತದೆ ಸ್ವಾಮಿ. ಕಾಲು ದಾಟಲ್ಲ."

ನಡುವೆ ಸೇತಿ ಹೊಳೆಯಂತೆ. ಕಿರಿದು, ಆದರೆ ಪಾತಾಳದಷ್ಟು ಆಳ. ಸೇತುವೆಯ ಕಡೆಯಿಂದ ಸುತ್ತಿ ಹೋಗಲು ಅರ್ಧ ದಿನ ಬೇಕು. ಊರು ಬಿಟ್ಟ ದಿನ, ಜೊತೆಗಾರರೊಂದಿಗೆ ಗುಡಿಯ ದಿಬ್ಬದಲ್ಲಿದ್ದವನನ್ನು ಆಚೆ ದಡದಿಂದ ತಾಯಿ ಊಟಕ್ಕೆ ಕೂಗಿದಳಂತೆ.

"ಬಂದೆ ಅಂತ ಕೂಗ್ದೆ ಸ್ವಾಮಿ. ಕೂಗಿ, ಈ ಕಡೆ ನಡೆದ್ಬಿಟ್ಟೆ. ಹನ್ನೆರಡು ವರ್ಷ ಆಯ್ತು. ಅಮ್ಮ ಇನ್ನೂ ತಟ್ಟೆ ಇಟ್ಕೊಂಡು ಕೂತಿದ್ರೆ?"

ಎಂದೂ ಗೆರೆ ಅಳಿಸದ ಅಪ್ಪ ಕ್ಷೌರದ ಬ್ಲೇಡು ತಂದು, ಬರೆದ ಮನೆಯನ್ನು ಕೆರೆದು ತೆಗೆದರು. ಹೊಳೆ ಬರೆದು, ಆಚೆ ದಡದಲ್ಲಿ ಮನೆ ಇಟ್ಟರು. ಮೋಜಣಿಯ ರೂಢಿಯಂತೆ ಹೊಸದಾಗಿ ಬರೆದ ಶುದ್ಧ ಪ್ರತಿ ಅವನಿಗೆ, ಕೆರೆದ ಪ್ರತಿ ನಮಗೆ. ಅವನು ರೈಲು ಹತ್ತಿದ. ಕಾಗದ ಬರಲಿಲ್ಲ. ತಲುಪಿದನೋ ಇಲ್ಲವೋ, ತಾಯಿ ಇದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಇಷ್ಟು ವರ್ಷವಾದರೂ ಅದು ನೋಯುತ್ತದೆ.

ಕೆರೆದ ಜಾಗ ಇನ್ನೂ ಒರಟಾಗಿದೆ. ಅದರ ಮೇಲೆ ಬೆರಳಾಡಿಸುತ್ತಾ ಕೂತಿದ್ದಾಗ ಒಳಗಿನಿಂದ ಸೊಸೆ ಕೂಗಿದಳು: "ಅತ್ತೇ, ಮುದ್ದೆ ಆರ್ತಾ ಇದೆ, ಬನ್ನಿ!"

"ಬಂದೆ" ಎಂದೆ.

ಎಂದವಳು ಎದ್ದು ಹೊರಟೆ. ಅಡುಗೆಮನೆಗೆ ಹತ್ತೇ ಹೆಜ್ಜೆ. ನಡುವೆ ಯಾವ ಹೊಳೆಯೂ ಇರಲಿಲ್ಲ.