ಇಪ್ಪತ್ತು ನಿಮಿಷ ಮುಂದಿದ್ದ ಗಡಿಯಾರ

ಲಿಂಗಸುಗೂರಿನ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ತಾಸನ್ನು ನಿಮಿಷ ಮಾಡಲು ಅರವತ್ತರಿಂದ ಗುಣಿಸಿ, ನಿಮಿಷವನ್ನು ತಾಸು ಮಾಡಲು ಅರವತ್ತರಿಂದ ಭಾಗಿಸಿ ಎಂದು ಹಲಗೆಯ ಮೇಲೆ ಬರೆದು ಬರೆದು ಬೆರಳು ಸವೆದಿವೆ. ಅಂಥ ನನಗೇ ಗಡಿಯಾರ ನೋಡಲು ಬರುವುದಿಲ್ಲ ಎಂಬುದು ಈಚೆಗೆ ಒಂದು ಪರೀಕ್ಷೆಯ ದಿನ ಗೊತ್ತಾಯಿತು. ಪರೀಕ್ಷೆ ನನ್ನದಲ್ಲ, ನನ್ನ ಹೆಂಡತಿ ಶಾಂತಾಳದು.

ನಮ್ಮ ಸೀಮೆಯ ಹೊತ್ತಿಗೆ ಪಠ್ಯಪುಸ್ತಕದ ಲೆಕ್ಕ ಸಾಲುವುದಿಲ್ಲ. ಮುದಗಲ್ಲಿನ ನನ್ನ ಸೋದರಮಾವ ಫೋನಿನಲ್ಲಿ "ಇಲ್ಲೇ ಅದೀನಿ" ಎಂದರೆ ಅನ್ನಕ್ಕೆ ಎಸರಿಡಬಹುದು. "ಹೊಂಟೀನಿ" ಎಂದರೆ ಆರಾಮಾಗಿ ಅಕ್ಕಿ ಆರಿಸುತ್ತ ಕೂರಬಹುದು, ಮಾವ ಇನ್ನೂ ಸ್ನಾನ ಮಾಡಿರುವುದಿಲ್ಲ. ಈ ಕಾಟಕ್ಕೆಂದೇ ನಮ್ಮ ಮನೆಯ ಗೋಡೆ ಗಡಿಯಾರವನ್ನು ಇಪ್ಪತ್ತು ನಿಮಿಷ ಮುಂದಿಟ್ಟಿದ್ದೆವು. ಮುಂದಿಟ್ಟದ್ದು ಮನೆಮಂದಿಗೆಲ್ಲ ಗೊತ್ತಿದ್ದುದರಿಂದ ಎಲ್ಲರೂ ಇಪ್ಪತ್ತು ಕಳೆದೇ ಓದುತ್ತಿದ್ದೆವು. ಹೀಗೆ ಕೂಡಿಸಿ, ಹಾಗೆ ಕಳೆದು, ಎಲ್ಲ ಕಡೆಗೂ ತಪ್ಪದೆ ತಡವಾಗಿ ಹೋಗುತ್ತಿದ್ದೆವು.

ಶಾಂತಾಳ ಬಿ.ಎ. ಕೊನೆಯ ಪರೀಕ್ಷೆ ಸಿಂಧನೂರಿನಲ್ಲಿತ್ತು. ಹತ್ತಕ್ಕೆ ಸರಿಯಾಗಿ ಗೇಟು ಮುಚ್ಚುತ್ತಾರೆ. ಏಳೂ ಮುಕ್ಕಾಲಿನ ಬಸ್ಸು ಹಿಡಿಯುವುದೆಂದು ನಿಶ್ಚಯವಾಗಿತ್ತು. "ಹೊತ್ತು ನೀವ ನೋಡ್ರಿ, ನಾ ಪುಸ್ತಕ ನೋಡ್ತೀನಿ" ಎಂದು ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಕೂತಳು. ಗಡಿಯಾರ ಏಳೂವರೆ ತೋರಿಸಿತು. ಇಪ್ಪತ್ತು ಕಳೆದೆ, ಏಳೂ ಹತ್ತು. ನಿಶ್ಚಿಂತೆಯಿಂದ ಇನ್ನೊಂದು ಕಪ್ ಚಹಾ ಕುಡಿದೆ.

ಬಸ್ ನಿಲ್ದಾಣಕ್ಕೆ ಹೋದರೆ ಬಸ್ಸಿಲ್ಲ. "ಅದು ಹೋಗಿ ಕಾಲ್ತಾಸಾತ್ರಿ ಮಾಸ್ತರ" ಎಂದ ಶೇಂಗಾ ಮಾರುವವ. ನಾನು ಗಾಬರಿಯಿಂದ ಮೊಬೈಲ್ ತೆಗೆದು ನೋಡಿದೆ. ಎಂಟು ಗಂಟೆ.

"ಪರೀಕ್ಷಾಕ ಅಂತ ನಿನ್ನೆ ಗಡಿಯಾರ ಸರಿ ಮಾಡೀನಿ ಅಂತ ಹೇಳಿದ್ನಲ್ರಿ" ಎಂದಳು ಶಾಂತಾ. "ಪೇಪರ್ ಓದಕೋತ ಹೂಂ ಅಂದ್ರಿ."

ಅಷ್ಟೇ ಹೇಳಿದ್ದು. ಬೈದಿದ್ದರೆ ಹಗುರಾಗುತ್ತಿತ್ತು. ಎಂಟೂ ಇಪ್ಪತ್ತಕ್ಕೆ ಮುಂದಿನ ಬಸ್ಸು ಹೊರಟಾಗ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು, ಪುಸ್ತಕವನ್ನೂ ತೆರೆಯಲಿಲ್ಲ. ನಾನು ಹಾಲ್ ಟಿಕೆಟ್ಟಿನ ಚೀಲವನ್ನು ಎದೆಗೊತ್ತಿಕೊಂಡು ಉಳಿದ ದಾರಿಯನ್ನು ಉಳಿದ ನಿಮಿಷಗಳಿಂದ ಭಾಗಿಸುತ್ತಿದ್ದೆ. ರಸ್ತೆಗೆ ಎಮ್ಮೆ ಅಡ್ಡ ಬಂದಾಗಲೆಲ್ಲ ಉತ್ತರ ಬದಲಾಗುತ್ತಿತ್ತು.

ಮಸ್ಕಿಯಲ್ಲಿ ಡ್ರೈವರ್ ಎಂಜಿನ್ ಆರಿಸಿ ಇಳಿದ. "ಎರಡ ನಿಮಿಷ ರೀ, ಚಹಾ ಕುಡದು ಬರ್ತೀವಿ" ಎಂದ ಕಂಡಕ್ಟರ್. ಮಸ್ಕಿಯ ಎರಡು ನಿಮಿಷ ನನಗೆ ಚೆನ್ನಾಗಿ ಗೊತ್ತು, ಅದರಲ್ಲಿ ಮಿರ್ಚಿ ಭಜಿಯೂ ಸೇರಿರುತ್ತದೆ. ಏನು ಹೇಳಿ ಬೇಡಿಕೊಳ್ಳಲಿ ಎಂದು ನಾನು ವಾಕ್ಯ ಜೋಡಿಸುವಷ್ಟರಲ್ಲಿ ಶಾಂತಾ ಇಳಿದು ಚಹಾದಂಗಡಿಯ ಮುಂದೆ ನಿಂತಿದ್ದಳು.

"ಅಣ್ಣಾರ, ಹತ್ತಕ್ಕ ಗೇಟ್ ಹಾಕ್ತಾರ. ಇಪ್ಪತ್ತೆರಡು ವರ್ಷ ಕಾದೀನಿ, ಈ ಎರಡು ನಿಮಿಷ ಕಾಯಾಕ ಆಗವಲ್ದು."

ಡ್ರೈವರ್ ಅವಳ ಮುಖ ನೋಡಿದ. ಬಿಸಿ ಚಹಾ ಒಂದೇ ಗುಟುಕಿಗೆ ಸುರಿದುಕೊಂಡು, ಬಾಯಿ ಸುಟ್ಟುಕೊಂಡು, "ನಡೀರಿ ಅಕ್ಕಾರ" ಎಂದ.

ಸಿಂಧನೂರಿನಲ್ಲಿ ಆಟೋ ಹಿಡಿದು ಕೇಂದ್ರ ತಲುಪಿದಾಗ ಕಾವಲುಗಾರ ಗೇಟಿನ ಒಂದು ಬಾಗಿಲು ಮುಚ್ಚಿ ಇನ್ನೊಂದಕ್ಕೆ ಕೈ ಹಾಕಿದ್ದ. ಶಾಂತಾ ನನ್ನ ಕೈಯಿಂದ ಚೀಲ ಕಸಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಒಳಗೆ ಹೋದ ಮೇಲೆ ಗೇಟು ಮುಚ್ಚಿತು.

ಬೇವಿನ ಮರದ ಕೆಳಗೆ ಕೂತೆ. ಮೂರು ತಾಸು ಅಂದರೆ ನೂರ ಎಂಬತ್ತು ನಿಮಿಷ, ಹತ್ತು ಸಾವಿರದ ಎಂಟುನೂರು ಸೆಕೆಂಡು. ಪಂಚಾಂಗದ ಲೆಕ್ಕ ಹಿಡಿದರೆ ಏಳೂವರೆ ಗಳಿಗೆ, ಒಂದು ಜಾವ. ಹೊತ್ತು ಹೋಗಲೆಂದು ಹೀಗೆ ಗುಣಿಸುತ್ತ ಕೂತವನಿಗೆ ಅವಳು ಮಸ್ಕಿಯಲ್ಲಿ ಹೇಳಿದ ಇಪ್ಪತ್ತೆರಡು ಅಡ್ಡ ಬಂತು. ಮದುವೆಯಾದಾಗ ಅವಳು ಬಿ.ಎ. ಎರಡನೇ ವರ್ಷದಲ್ಲಿದ್ದಳು. ಓದು ಮುಂದುವರಿಸಲೇ ಎಂದು ಕೇಳಿದಾಗ, ಅವ್ವನಿಗೆ ಹುಷಾರಿಲ್ಲ, "ಒಂದು ವರ್ಷ ತಡಿ" ಎಂದಿದ್ದೆ. ಆಮೇಲೆ ಮಗಳು, ಮಗ, ನನ್ನ ವರ್ಗಾವಣೆ. ಪ್ರತಿ ಸಲವೂ ಒಂದೇ ವರ್ಷ ಕೇಳಿದೆ. ಮಾವನ "ಇಲ್ಲೇ ಅದೀನಿ"ಯನ್ನು ಗೇಲಿ ಮಾಡುವ ನಾನು ನನ್ನ ಒಂದು ವರ್ಷ ಎಷ್ಟು ವರ್ಷದ್ದೆಂದು ಒಮ್ಮೆಯೂ ಲೆಕ್ಕ ಹಾಕಿರಲಿಲ್ಲ. ಕೊನೆಗೆ ಅವಳೇ, ನನ್ನನ್ನು ಕೇಳದೆ, ಅಂಚೆ ಶಿಕ್ಷಣಕ್ಕೆ ಹೆಸರು ಹಚ್ಚಿ ಮೊದಲಿನಿಂದ ಓದಿದಳು. ಮರದ ಕೆಳಗೆ ನನಗೆ ನಾಚಿಕೆಯಾಯಿತು.

ಒಂದು ಗಂಟೆಗೆ ಹೊರಗೆ ಬಂದಳು. ಬೆರಳಿಗೆ ಮಸಿ ಹತ್ತಿತ್ತು, ಮುಖ ಅರಳಿತ್ತು.

"ಹೆಂಗಾತು?"

"ಎಲ್ಲಾ ಬರದೀನಿ. ಮುಂದ ಬಿ.ಎಡ್. ಮಾಡಬೇಕಂತೀನಿ."

ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. "ಯಾವಾಗಿಂದ ತಯಾರಿ?" ಎಂದೆ.

"ನಾಳಿಂದ" ಎಂದಳು. ನಾಲ್ಕು ಹೆಜ್ಜೆ ನಡೆದು ತಿರುಗಿ ನನ್ನನ್ನು ನೋಡಿದಳು. "ನಾಳೆ ಅಂದ್ರ ನಾಳೇನ ರೀ. ಏನೂ ಕಳೀಬ್ಯಾಡ್ರಿ, ಕೂಡಸಬ್ಯಾಡ್ರಿ."