ತುಂಬದ ಗುಂಡಿ

ಲಾಂಡ್ರಿಯಮ್ಮನ ಮನೆಯ ಶೌಚದ ಗುಂಡಿ ಒಂದು ಸಲವೂ ತುಂಬಿರಲಿಲ್ಲ. ಹೆದ್ದಾರಿಯ ವಸತಿಗೃಹಗಳಿಂದ ಹಾಸಿಗೆ ಹೊದಿಕೆ, ದಿಂಬಿನ ಚೀಲ, ಟವೆಲುಗಳು ವ್ಯಾನಿನಲ್ಲಿ ಬಂದು ಅವಳ ಹಿಂಬದಿ ಕೋಣೆಯಲ್ಲಿ ರಾಶಿ ಬೀಳುತ್ತಿದ್ದವು. ಎರಡು ಯಂತ್ರಗಳು ದಿನವಿಡೀ ಗುಡುಗುಡು ಎನ್ನುತ್ತಿದ್ದವು. ಅಷ್ಟೂ ನೊರೆನೀರು, ಬಚ್ಚಲಿನ ನೀರು, ಪಾಯಿಖಾನೆಯ ನೀರು ಒಂದೇ ಕೊಳವೆಯಲ್ಲಿ ನೆಲದೊಳಕ್ಕೆ ಇಳಿದು ಮಾಯವಾಗುತ್ತಿತ್ತು. ಊರಂಚಿನ ಆ ಬೀದಿಗೆ ಒಳಚರಂಡಿ ಇನ್ನೂ ಬಂದಿರಲಿಲ್ಲ. ಬೇರೆಯವರ ಮನೆ ಮುಂದೆ ಆಗಾಗ ಟ್ಯಾಂಕರ್ ನಿಂತು, ದಪ್ಪ ಪೈಪು ಇಳಿಬಿಟ್ಟು, ಬೀದಿಯೆಲ್ಲ ಮೂಗು ಮುಚ್ಚಿಕೊಳ್ಳುವಂತೆ ಮಾಡುತ್ತಿತ್ತು. ಇವಳ ಬಾಗಿಲಿಗೆ ಅದು ಬಂದದ್ದೇ ಇಲ್ಲ.

“ನಮ್ಮ ಯಜಮಾನರು ಕಟ್ಟಿದ್ದು. ಅವರ ಕೈ ಅಂಥದು,” ಎನ್ನುತ್ತಿದ್ದಳು. ಗಂಡ ಗಾರೆ ಕೆಲಸದವನು. ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಬದುಕಿದ್ದಾಗ ಅವನನ್ನು ಹೊಗಳಲು ಅವಳಿಗೆ ಪುರುಸೊತ್ತಾಗಿರಲಿಲ್ಲ. ಈಗ ಗುಂಡಿಯ ನೆಪದಲ್ಲಿ ಧಾರಾಳವಾಗಿ ಹೊಗಳುತ್ತಿದ್ದಳು.

ಹಿತ್ತಲಿನ ಗೋಡೆಯಾಚೆ ಮೈದುನನ ಮನೆ. ಅವನೂ ಗಾರೆಯವನೇ. ಅವರ ಮನೆಗೆ ಮಾತ್ರ ವರ್ಷ ತಿರುಗುವುದರೊಳಗೆ ಟ್ಯಾಂಕರ್ ಬರುತ್ತಿತ್ತು. “ಇರೋದು ಗಂಡ ಹೆಂಡ್ತಿ ಇಬ್ಬರೇ. ಅದೇನು ನೀರು ಸುರೀತಾಳೋ ಮಹಾತಾಯಿ! ಅದಕ್ಕೇ ಗುಂಡಿ ಉಕ್ಕೋದು,” ಎಂದು ಲಾಂಡ್ರಿಯಮ್ಮ ಇಸ್ತ್ರಿಗೆ ಬರುವ ಬೀದಿಯ ಗಿರಾಕಿಗಳ ಮುಂದೆ ಆಡಿಕೊಳ್ಳುತ್ತಿದ್ದಳು. ವಾರಗಿತ್ತಿಯ ಜೊತೆ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಬಟ್ಟೆ ಹಗ್ಗಗಳಿಂದ ತೊಟ್ಟಿಕ್ಕುವ ನೀರು ತನ್ನ ಕಿಟಕಿಗೆ ಸಿಡಿಯುತ್ತದೆ ಎಂದು ವಾರಗಿತ್ತಿ ಶುರುಮಾಡಿದ ಜಗಳ ಅದು. ಕೊನೆಗೆ ಅಣ್ಣತಮ್ಮಂದಿರು ಇಬ್ಬರೂ ಸೇರಿ, ಒಂದೇ ಬಾಂಡಲಿಯಲ್ಲಿ ಗಾರೆ ಕಲಸಿ, ನಡುವೆ ಗೋಡೆ ಎಬ್ಬಿಸಿದರು. ಗೋಡೆ ಎದ್ದ ಮೇಲೂ ಅವರು ಒಂದೇ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಹೆಂಗಸರು ಅದನ್ನು ಕಂಡೂ ಕಾಣದಂತೆ ಇದ್ದರು.

ಪುರಸಭೆಯ ಹೊಸ ನಿಯಮ ಬಂದಾಗ ಲಾಂಡ್ರಿಯಮ್ಮ ನಕ್ಕಳು. ಪ್ರತಿ ಮನೆಯವರೂ ಗುಂಡಿಯ ಮುಚ್ಚಳ ತೆಗೆದು ತೋರಿಸಬೇಕು; ತುಂಬಲಿ ಬಿಡಲಿ, ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು; ಮನೆಯಲ್ಲಿ ವ್ಯಾಪಾರ ನಡೆಸುವವರು ತಪಾಸಣೆಯಲ್ಲಿ ಪಾಸಾಗದಿದ್ದರೆ ವ್ಯಾಪಾರ ನಿಲ್ಲಿಸಬೇಕು. “ನಮ್ಮದನ್ನ ನೋಡಿ ಕಲೀಲಿ ಬಿಡಿ,” ಎಂದಳು.

ತಪಾಸಣೆಗೆ ಬಂದವಳು ರಬ್ಬರು ಬೂಟು ಹಾಕಿದ ಒಬ್ಬ ಅಧಿಕಾರಿಣಿ. ಕೈಯಲ್ಲಿ ಕಬ್ಬಿಣದ ಸಲಾಕೆ. ಯಂತ್ರಗಳನ್ನು ನೋಡಿದಳು, ಬಟ್ಟೆಯ ರಾಶಿ ನೋಡಿದಳು.

“ಕೊನೇ ಸಲ ಯಾವಾಗ ಖಾಲಿ ಮಾಡಿಸಿದ್ರಿ?”

“ಮಾಡಿಸೇ ಇಲ್ಲ. ತುಂಬಿದರೆ ತಾನೇ?”

“ಇಷ್ಟು ನೀರು ಬಿಟ್ಟೂ ತುಂಬಿಲ್ವಾ? ಎಲ್ಲಿಗೆ ಹೋಗುತ್ತೆ ಮತ್ತೆ?”

“ಗುಂಡಿಗೆ.”

“ಆ ಗುಂಡಿ ಎಲ್ಲಿ?”

ಲಾಂಡ್ರಿಯಮ್ಮ ಹಿತ್ತಲಿನ ಮೂಲೆ ತೋರಿಸಿದಳು. ಅಲ್ಲಿ ಗಾಳಿಕೊಳವೆ ನಿಂತಿತ್ತು, ತುದಿಗೆ ಟೋಪಿ ಸಮೇತ. ಅಧಿಕಾರಿಣಿ ಅದರ ಸುತ್ತ ಸಲಾಕೆ ಊರಿದಳು. ಗೇಣುದ್ದ ಇಳಿದು ಸಲಾಕೆ ಠಣ್ಣೆಂದಿತು. ಎಲ್ಲಿ ಊರಿದರೂ ಠಣ್. ಬರೀ ಬಂಡೆ. ಆಮೇಲೆ ಕೊಳವೆಯನ್ನು ಅಲ್ಲಾಡಿಸಿದಳು. ಅದು ಮೂಲಂಗಿ ಕಿತ್ತ ಹಾಗೆ ಬುಡಸಮೇತ ಕೈಗೆ ಬಂತು. ಕೆಳಗೆ ಮಣ್ಣು ಬಿಟ್ಟರೆ ಏನೂ ಇರಲಿಲ್ಲ.

“ಇದು ಯಾವುದಕ್ಕೂ ಸೇರಿಲ್ವಲ್ಲಮ್ಮ!”

ಲಾಂಡ್ರಿಯಮ್ಮ ಕೊಳವೆಯನ್ನು ತೆಗೆದುಕೊಂಡು ಅದರ ಬುಡ ನೋಡಿದಳು. ಆ ಕೊಳವೆಗೆ ಗಂಡ ಪ್ರತಿ ಬೇಸಿಗೆಯಲ್ಲೂ ಬಣ್ಣ ಬಳಿಯುತ್ತಿದ್ದ. ಅವನು ಹೋದ ಮೇಲೆ ಅವಳೇ ಬಳಿದಿದ್ದಳು. ಏತಕ್ಕೆ ಬಳಿದದ್ದು? ಯಾವುದಕ್ಕೆ ಬಳಿದದ್ದು?

“ಗುಂಡಿ ಸಿಗದೆ ಹೋದರೆ?” ಎಂದು ಕೇಳಿದಳು.

“ಯಂತ್ರ ನಿಲ್ಲಿಸಬೇಕಾಗುತ್ತೆ. ನಿಮ್ಮ ಕೊಳೆನೀರು ಯಾರದೋ ಬಾವಿಗೆ ಹೋಗ್ತಿದ್ರೆ ಏನು ಗತಿ?”

ಲಾಂಡ್ರಿಯಮ್ಮನಿಗೆ ಅನ್ನ ಕೊಡುತ್ತಿದ್ದವು ಆ ಎರಡು ಯಂತ್ರಗಳು; ಬೇರೆ ಆದಾಯವಿರಲಿಲ್ಲ. ಅವಳು ಸುಮ್ಮನೆ ಬೀದಿಗೂ ಹಿತ್ತಲಿಗೂ ಓಡಾಡಿದಳು, ಗುಂಡಿ ಎಲ್ಲೋ ಕೈತಪ್ಪಿ ಇಟ್ಟ ವಸ್ತುವೇನೋ ಎಂಬಂತೆ ನೀರೊಲೆಯ ಹಿಂದೆಯೂ ಬಗ್ಗಿ ನೋಡಿದಳು.

ಅಧಿಕಾರಿಣಿ ಚೀಲದಿಂದ ಒಂದು ಪುಡಿ ತೆಗೆದು ಪಾಯಿಖಾನೆಗೆ ಸುರಿದು ನೀರು ಬಿಟ್ಟಳು. ನೀರು ಗಿಳಿಹಸಿರಾಯಿತು. “ಇದು ಎಲ್ಲಿ ಏಳುತ್ತೋ ನೋಡೋಣ,” ಎಂದು ಯಂತ್ರಗಳನ್ನೂ ಹಾಕಿಸಿದಳು. ಅಷ್ಟರಲ್ಲಿ ಪಕ್ಕದ ಮನೆಯದನ್ನು ಮುಗಿಸುತ್ತೇನೆಂದು ಹೊರಟಳು. ಮೈದುನ ಅಲ್ಲಿ ಮುಚ್ಚಳ ತೆಗೆದು ಕಾಯುತ್ತಿದ್ದ.

ತುಸು ಹೊತ್ತಿಗೆ ಗೋಡೆಯಾಚೆಯಿಂದ ವಾರಗಿತ್ತಿಯ ಕಿರುಚಾಟ ಕೇಳಿತು. “ರೀ! ನಮ್ಮ ಗುಂಡೀಲಿ ಹಸಿರು ಬರ್ತಿದೆ ರೀ! ಏನು ತಿಂದ್ರಿ?”

“ನಾನೇನು ತಿನ್ನಲಿ ಮಾರಾಯ್ತಿ? ನೀನು ಹಾಕಿದ್ದನ್ನೇ ತಿಂದಿದ್ದು!” ಎಂದ ಮೈದುನ.

ಲಾಂಡ್ರಿಯಮ್ಮ ಚಪ್ಪಲಿ ಮೆಟ್ಟದೆ ಬೀದಿ ಸುತ್ತಿ ಆ ಹಿತ್ತಲಿಗೆ ಹೋದಳು. ಇಂಥ ಅವಸರದಲ್ಲಿ ಮುನಿಸು ನೆನಪಾಗುವುದಿಲ್ಲ. ಗುಂಡಿಯಲ್ಲಿ ಹಸಿರು ನೊರೆ ಏಳುತ್ತಿತ್ತು. ನೊರೆಯಲ್ಲಿ ಅವಳ ಸಾಬೂನಿನ ವಾಸನೆ ಇತ್ತು. ಅದು ಅವಳಿಗೆ ನಿದ್ದೆಯಲ್ಲೂ ಗೊತ್ತಾಗುವಂಥದು. ಗುಂಡಿಯ ಅರ್ಧ ಭಾಗ ಗೋಡೆಯ ಕೆಳಗೇ ಹಾದು ಅವಳ ಕಡೆಗೆ ಚಾಚಿತ್ತು.

ಎಲ್ಲರೂ ಮೈದುನನ ಮುಖ ನೋಡಿದರು. ಅವನು ತಲೆ ಕೆರೆದುಕೊಂಡ.

“ಮೊದಲು ಎರಡೂ ಮನೆಗೆ ಇದೊಂದೇ ಇತ್ತಲ್ಲ ಅತ್ತಿಗೆ. ಗೋಡೆ ಹಾಕಿದಾಗ ಬೇರೆ ಗುಂಡಿ ಬೇಕು ಅಂತ ನೀವು ಹಟ ಹಿಡಿದ್ರಿ. ಅಣ್ಣ ಅಗೆದ, ಬಂಡೆ ಸಿಕ್ತು. ಇನ್ನೊಂದು ಕಡೆ ಅಗೆದ, ಅಲ್ಲೂ ಬಂಡೆ. ಸುಮ್ನೆ ಒಂದು ಕೊಳವೆ ನೆಟ್ಟುಬಿಡೋಣ, ಹೆಂಗಸರಿಗೆ ಹೇಳ್ಬೇಡ ಅಂದ.”

“ಹೆಂಗಸರಿಗೆ!” ಎಂದಳು ವಾರಗಿತ್ತಿ. “ಅಂದರೆ ನನಗೂ?”

“ನೀನೂ ಹೆಂಗಸೇ ಅಲ್ವೇನೇ.”

ವಾರಗಿತ್ತಿ ಸೆರಗು ಬಿಗಿದು ಲಾಂಡ್ರಿಯಮ್ಮನ ಕಡೆ ತಿರುಗಿದಳು. “ಅಂತೂ ನಿಮ್ಮನೆ ಗುಂಡಿ ತುಂಬೋದಿಲ್ಲ. ಹೇಗೆ ತುಂಬುತ್ತೆ ಅಕ್ಕ? ನಾನಿದ್ದೀನಲ್ಲ ತುಂಬಿಸ್ಕೊಳ್ಳೋಕೆ!”

ಲಾಂಡ್ರಿಯಮ್ಮ ಬಗ್ಗಿ, ಏಳುತ್ತಿದ್ದ ತನ್ನ ನೊರೆಯನ್ನೇ ನೋಡಿದಳು.

ಅಧಿಕಾರಿಣಿಗೆ ಈ ಸಂಸಾರದ ಕಥೆ ಬೇಕಿರಲಿಲ್ಲ. ಒಂದೇ ಗುಂಡಿಯನ್ನು ಎರಡು ಮನೆಯವರು ಬಳಸಬಹುದು, ಇಬ್ಬರೂ ಒಪ್ಪಿ ಸಹಿ ಹಾಕಿದರೆ ಸಾಕು ಎಂದಳು. ಆದರೆ ಲಾಂಡ್ರಿಯ ನೀರು ಇದಕ್ಕೆ ಬರಕೂಡದು. ಅಷ್ಟು ನೀರು ನುಗ್ಗಿದರೆ ಕೊಳೆ ಕೆಳಗೆ ಕೂರಲು ಸಮಯವೇ ಸಿಗದೆ ಕದಡಿ ಹೊರಹೋಗುತ್ತದೆ. ಅದಕ್ಕೆ ಬೇರೆ ಇಂಗುಗುಂಡಿ ಬೇಕು, ಅದೂ ಮೆತ್ತನೆ ಮಣ್ಣಿನಲ್ಲಿ. ಸಲಾಕೆಯನ್ನು ಮೈದುನನ ಹಿತ್ತಲಿನಲ್ಲಿ ಊರಿದಳು. ಅದು ಸರಕ್ಕನೆ ಇಳಿಯಿತು. “ಇಲ್ಲಿ ಆಗುತ್ತೆ. ಅವರು ಜಾಗ ಕೊಟ್ಟರೆ ಯಂತ್ರ ಓಡಲಿ. ಇಲ್ಲಾಂದ್ರೆ ಮುಂದಿನ ವಾರ ಬಂದು ನಿಲ್ಲಿಸ್ತೀನಿ.”

ಮನೆಗೆ ಬಂದ ಲಾಂಡ್ರಿಯಮ್ಮ ಅಡುಗೆಮನೆಯ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ನೋಡಿದಳು. ಇದಾದರೂ ತನ್ನ ತೊಟ್ಟಿಯ ನೀರೇ ಹೌದೋ? ಗಂಡ ಬಳಿದ ಗಾರೆ, ಕೂರಿಸಿದ ಹೊಸ್ತಿಲು, ಎಲ್ಲದರ ಮೇಲೂ ಅನುಮಾನ ಬಂತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ, ಎರಡು ಕಡೆ ಬಂಡೆ ಅಗೆದು ಸೋತವನಿಗೆ ಅಯ್ಯೋ ಅನ್ನಬೇಕೋ ತಿಳಿಯಲಿಲ್ಲ. ಸಿಟ್ಟು ಬಂದರೂ ಯಾರ ಮೇಲೆ ತೋರಿಸುವುದು? ಯಂತ್ರಗಳು ಮಾತ್ರ ಎಂದಿನಂತೆ ಗುಡುಗುತ್ತಿದ್ದವು. ಅವನ್ನು ಅವಳೇ ನಿಲ್ಲಿಸಿದಳು. ತನ್ನ ನೀರು ಎಲ್ಲಿಗೆ ಹೋಗುತ್ತದೆಂದು ಗೊತ್ತಾದ ಮೇಲೆ ಆ ಸದ್ದು ಕೇಳಲಾಗಲಿಲ್ಲ.

ಮರುದಿನ ಅವಳು ಗೋಡೆಯ ಪಕ್ಕ ಒಗೆಯುವ ಕಲ್ಲು ಹತ್ತಿ ನಿಂತಳು.

“ಇದ್ದೀಯೇನೇ?”

“ಇದ್ದೀನಿ. ಸುರಿದ ನೀರಲ್ಲಿ ಮುಳುಗಿ ಸತ್ತಿಲ್ಲ,” ಎಂದಿತು ಆಚೆಯ ದನಿ.

“ಜಾಗ ಬೇಕಿತ್ತು.”

“ಕೊಡೋಣ. ಮೊದಲು ಊರೆಲ್ಲ ಹೇಳ್ಕೊಂಡು ಬಂದದ್ದನ್ನ ಊರೆಲ್ಲ ಹೋಗಿ ವಾಪಸ್ ತಗೊಂಡು ಬಾ.”

“ಎಲ್ಲರಿಗೂ ಹೇಳ್ಬೇಕಾ?”

“ಇಸ್ತ್ರಿಗೆ ಬರೋರಿಗೆ ಹೇಳು ಸಾಕು. ಮಿಕ್ಕಿದ್ದು ತಾನೇ ಹರಡುತ್ತೆ. ಇನ್ನೊಂದು. ಪಾಯಿಖಾನೆಗೆ ಆಸಿಡ್ ಸುರಿಯೋದು ನೀನೇನಾ?”

“ವಾರಕ್ಕೊಂದು ಬಾಟ್ಲಿ. ಫಳಫಳ ಇರ್ಬೇಕು ನಂಗೆ.”

“ಅದಕ್ಕೇ! ಗುಂಡಿಯೊಳಗೆ ಕಣ್ಣಿಗೆ ಕಾಣದ ಹುಳ ಇರ್ತವಂತೆ, ಅವೇ ಕೊಳೆ ಕರಗಿಸೋದಂತೆ. ನೀನು ಸುರಿದ್ರೆ ಅವು ಸಾಯ್ತವಂತೆ. ಆಯಮ್ಮ ಹೇಳಿದ್ಲು. ಇಷ್ಟು ವರ್ಷ ಕೊಂದಿದ್ದೀಯಲ್ಲ ಅಕ್ಕ!”

ಆ ಹುಳಗಳು ತನ್ನವೋ ಅವಳವೋ ಎಂಬುದು ಲಾಂಡ್ರಿಯಮ್ಮನಿಗೆ ಬಗೆಹರಿಯಲಿಲ್ಲ.

“ಇನ್ನು ಸುರಿಯಲ್ಲ,” ಎಂದಳು. “ನಿನ್ನ ಗಂಡನ್ನ ಕರಿ. ಗೋಡೆ ಇಲ್ಲಿ ಒಡೀಬೇಕು, ಕೊಳವೆ ದಾಟೋಕೆ.”

“ಕೊಳವೆಗೆ ಎಷ್ಟು ಜಾಗ ಬೇಕು?”

“ಗೇಣು ಸಾಕು.”

“ಗೇಣು ಯಾಕೆ? ಬಾಗಿಲಷ್ಟು ಒಡೀಲಿ ಬಿಡು. ಮುಂದಿನ ಸಲ ಟ್ಯಾಂಕರ್ ಬಂದಾಗ ಈ ಕಡೆ ಬಂದು ನೀನೂ ಮೂಗು ಮುಚ್ಕೊಂಡು ನಿಲ್ಲು.”